ಅಂಗಳದ ಅಳತೆ

ಹಳೆಯ ಹಗರಣದಲ್ಲಿ ಯಾರ್ಯಾರಿದ್ದರೆಂದು ನಾಳೆ ಬೆಳಿಗ್ಗೆ ವಿಚಾರಣಾ ಆಯೋಗದ ಮುಂದೆ ಹೇಳಿಯೇ ತೀರುತ್ತೇನೆಂದು ಮಾಜಿ ಕೇಂದ್ರ ಮಂತ್ರಿಗಳು ಪತ್ರಕರ್ತರ ಎದುರು ಗುಡುಗಿದ್ದರು. ಮಧ್ಯಾಹ್ನ ಊಟ ಮುಗಿಸಿ ಹೊರಗೆ ಬಂದರೆ, ಮನೆಯಂಗಳದಲ್ಲಿ ಹವಾಲ್ದಾರನೊಬ್ಬ ಟೇಪು ಹಿಡಿದು ಅಳೆಯುತ್ತಿದ್ದ. ಅಧಿಕಾರದ ಜೊತೆಗೇ ಹೋಗಿದ್ದ ಪೊಲೀಸ್ ಕಾವಲು ಮರಳಿ ಬಂತಲ್ಲ ಎಂದು ಅವರ ಜೀವಕ್ಕೆ ಸಮಾಧಾನವಾಯಿತು.

"ಎಷ್ಟು ಜನರನ್ನ ಹಾಕಿದಾರಪ್ಪ?"

"ಹನ್ನೆರಡು ಜನ ಸಾರ್. ಎಲ್ರ ಕೈಲೂ ರೈಫಲ್ ಇರುತ್ತೆ."

ಮೇಲಿನವರು ತಮ್ಮನ್ನು ಮರೆತಿಲ್ಲವೆಂದು ಮಂತ್ರಿಗಳು ಮೀಸೆಯಡಿ ನಕ್ಕರು.

"ಭೇಷ್! ಇವತ್ತೇ ಬಂದುಬಿಡ್ತಾರಾ?"

"ಇಲ್ಲ ಸಾರ್, ನಾಳೆ ಸಂಜೆ ನಾಲ್ಕಕ್ಕೆ. ಗಾಳೀಲಿ ಮೂರು ಸುತ್ತು ಹಾರಿಸಿ ಹೊರಟುಬಿಡ್ತೀವಿ."

ಹವಾಲ್ದಾರ ಟೇಪು ಸುತ್ತಿಕೊಂಡು, ಟೋಪಿ ತೆಗೆದು, ದನಿ ತಗ್ಗಿಸಿ ಕೇಳಿದ:

"ತೀರಿಕೊಂಡ ಮಂತ್ರಿಗಳು ತಮಗೇನಾಗ್ಬೇಕು ಸಾರ್?"