ಮಂಡಿ ಮೊಕದ್ದಮೆ

ಗ್ರಾಹಕ ನ್ಯಾಯಾಲಯದಲ್ಲಿ ಅಕ್ಕನ ಪರ ಸಾಕ್ಷಿ ಹೇಳುವ ತಮ್ಮ ಯಾವ ಬಣ್ಣದ ಶರಟು ತೊಡಬೇಕೆಂಬ ಗಹನವಾದ ಪ್ರಶ್ನೆ ಕೊನೆಗೂ ಬಗೆಹರಿಯಿತು. ಬಿಳಿಯದು ಗೆದ್ದಿತು, ಅಕ್ಕನೇ ಇಸ್ತ್ರಿ ಮಾಡಿಕೊಟ್ಟಳು. ಅವಳಿಗೆ ನೋಯುತ್ತಿದ್ದುದು ಎಡಮಂಡಿ, ಡಾಕ್ಟರು ಕೊಯ್ದದ್ದು ಬಲಮಂಡಿ. ಆಸ್ಪತ್ರೆಗೆ ಅವಳ ಜೊತೆ ಹೋಗಿದ್ದವನು ತಮ್ಮನೊಬ್ಬನೇ.

"ಯಾವ ಮಂಡಿ ನೋಯುತ್ತಿತ್ತು?" ಡಾಕ್ಟರ ಪರ ವಕೀಲರು ಕೇಳಿದರು.

"ಬಲಗಡೇದೇ ಸ್ವಾಮಿ. ನಮ್ಮಕ್ಕಂಗೆ ಈಚೆಗೆ ಮರೆವು ಜಾಸ್ತಿ."

ಹೊರಗೆ ಅಕ್ಕ ವಾಕರ್ ಊರಿಕೊಂಡು ಬಂದು ಅವನನ್ನು ತಡೆದಳು. "ಎತ್ತಿ ಆಡ್ಸಿದ್ದು ನಾನು ಕಣೋ. ಯಾಕೋ ಹಿಂಗ್ಮಾಡ್ದೆ?"

"ಅದಕ್ಕೇ ಅಕ್ಕ, ಮೊದಲು ನಿಂಗೇ ಹೇಳ್ತಿರೋದು. ಡಾಕ್ಟ್ರು ಅವರ ಮಗನಿಗೆ ನನ್ನ ಮಗಳನ್ನ ಒಪ್ಕೊಂಡಿದಾರೆ. ಸೋದರತ್ತೆ ನೀನು, ಮುಂದೆ ನಿಂತು ನಡೆಸ್ಕೊಡ್ಬೇಕು."

ದೂರು ವಜಾ ಆಯಿತು.