ನಾನಿಲ್ಲದಾಗ ನಡೆದದ್ದು

ಮೂರನೆಯ ಏಟಿಗೆ ಮ್ಯಾಕಿಯ ತುಟಿ ಒಡೆಯಿತು. ನಾಲ್ಕನೆಯದಕ್ಕೆ ಅವನು ಕುರ್ಚಿ ಸಮೇತ ಹಿಂದಕ್ಕೆ ಉರುಳಿದ. ಆರ್ವಿಡ್ ಕೊರಳಪಟ್ಟಿ ಹಿಡಿದು ಮೇಲೆತ್ತಿದ.

"ಬೊಗಳೋ! ನನ್ನ ತಮ್ಮನ್ನ ಯಾಕೋ ಕೊಂದೆ?"

"ಶನಿವಾರ ನಾನಿಲ್ಲಿಗೆ ಬಂದೇ ಇಲ್ಲ ಮಾರಾಯ. ಜ್ವರ ಬಂದು ಮನೇಲಿ ಬಿದ್ಕೊಂಡಿದ್ದೆ."

ಐದನೆಯ ಏಟಿಗೆ ಮೊದಲೇ ಬಾಗಿಲು ತೆರೆಯಿತು. ಡುಲೂತ್ ಊರಿನ ಫೆಬ್ರವರಿಯ ಹಿಮಗಾಳಿಯೊಂದಿಗೆ ಡೆಕ್ಲನ್ ಒಳಗೆ ಬಂದ. ಸಮುದ್ರತೀರದ ರಜೆಯ ಬಿಸಿಲಿಗೆ ಬೆಂದು ಅವನ ಮೂಗಿನ ಸಿಪ್ಪೆ ಏಳುತ್ತಿತ್ತು. ಕಂಕುಳಲ್ಲಿ ಟಿಪ್ಪಣಿ ಪುಸ್ತಕ.

"ಇವತ್ತು ಬೆಳಗ್ಗೆ ವಿಮಾನ ಇಳಿದೆ, ವಿಷಯ ಗೊತ್ತಾಯ್ತು," ಎಂದ. ನೆಲದ ರಕ್ತ ನೋಡಿದ. "ಇವನೇನಾ?"

"ಇವನೇ. ತನ್ನನ್ನ ಬ್ಯಾಂಡಿನಿಂದ ಹೊರಗೆ ಹಾಕಿದ ದಿನ ಲೈಲ್‌ನ ಮುಗಿಸ್ತೀನಿ ಅಂದಿದ್ದ. ಹತ್ತು ಜನ ಕೇಳಿದ್ದಾರೆ."

"ಮತ್ತಿನ್ನೇನು?" ಎಂದ ಡೆಕ್ಲನ್, ಕೋಟು ಬಿಚ್ಚುತ್ತ. "ಬಾಯಿಗೆ ಮಾತ್ರ ಹೊಡೀಬೇಡ. ಒಪ್ಕೊಳ್ಳೋಕೆ ಬಾಯಿ ಬೇಕು."

ಹನ್ನೆರಡು ವರ್ಷಗಳಿಂದ ಆರ್ವಿಡ್ ತಾವೀಗ ನಿಂತಿದ್ದ ಆ ಸಂಗೀತ ಸಭಾಂಗಣದ ಬಾಗಿಲು ಕಾಯುತ್ತಿದ್ದ. ಹಣ ಕೊಟ್ಟವರ ಕೈಗೆ ಮುದ್ರೆ ಒತ್ತಿ ಒಳಗೆ ಬಿಡುವುದು ಅವನ ಕೆಲಸ. ಶನಿವಾರ ಅಲ್ಲಿ ವರ್ಷಕ್ಕೊಮ್ಮೆ ಬರುವ ಮುಖವಾಡದ ಕಛೇರಿ. ಕರಡಿ, ನರಿ, ಮೀನು ಎಂದು ಮುನ್ನೂರು ಮುಖವಾಡಗಳು ಸಾಲಾಗಿ ಕೈ ಚಾಚಿದವು. ವಿರಾಮದ ಹೊತ್ತಿಗೆ ಡ್ರಮ್ ಬಾರಿಸುವ ಲೈಲ್ ವೇದಿಕೆಯ ಹಿಂದಿನ ಕೋಣೆಯಲ್ಲಿ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ತಾಳದ ತಟ್ಟೆ ನಿಲ್ಲಿಸುವ ಕಬ್ಬಿಣದ ಕಂಬಿ. ಆರ್ವಿಡ್ ಕಾಯುವ ಬಾಗಿಲು ಬಿಟ್ಟರೆ ಆ ಕೋಣೆಗೆ ಬೇರೆ ದಾರಿಯಿಲ್ಲ. ಅಂದರೆ ಕೊಂದವನು ಆರ್ವಿಡ್‌ನ ಮುಂದೆಯೇ ಕೈ ಚಾಚಿದ್ದ, ಆರ್ವಿಡ್ ತಾನೇ ಮುದ್ರೆ ಒತ್ತಿ ಒಳಗೆ ಬಿಟ್ಟಿದ್ದ.

ನಾಳೆ ಲೈಲ್‌ನ ಮಣ್ಣು. ಅಷ್ಟರೊಳಗೆ ಲೆಕ್ಕ ಚುಕ್ತಾ ಮಾಡುತ್ತೇನೆಂದು ತಾಯಿಯ ತಲೆ ಮುಟ್ಟಿ ಹೇಳಿ ಬಂದಿದ್ದ. ಆ ಕಂಬಿಯನ್ನು ಪೊಲೀಸರು ಒಯ್ದಿದ್ದರು. ಅದರ ಜೋಡಿ ಬಾಗಿಲ ಬಳಿಯ ಮೇಜಿನ ಮೇಲೆ ಸಿದ್ಧವಾಗಿತ್ತು.

"ಕೂತ್ಕೋ, ಒಂದು ನಿಮಿಷ ಉಸಿರು ತಗೋ," ಎಂದ ಡೆಕ್ಲನ್. "ಗುರುವಾರದ ಅಂಕಣ ಬರೀಬೇಕು. ಲೈಲ್‌ನಿಂದಲೇ ಶುರು ಮಾಡ್ತೀನಿ. ಎರಡು ವಾರದಲ್ಲಿ ಮತ್ತೇನೇನು ನಡೀತು ಹೇಳು."

ಪ್ರತಿ ರಜೆ ಮುಗಿಸಿ ಬಂದಾಗಲೂ ಪತ್ರಿಕೆಯವನು ಮೊದಲು ಬರುತ್ತಿದ್ದುದು ಇವನ ಹತ್ತಿರವೇ. ಅಭ್ಯಾಸಬಲ, ಆರ್ವಿಡ್‌ನ ಬಾಯಿ ತಾನಾಗಿ ತೆರೆಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಅಕಾರ್ಡಿಯನ್ ಮುದುಕರು ಎರಡು ತಾಸು ಹೆಚ್ಚಿಗೆ ನುಡಿಸಿ ಜನರನ್ನು ಓಡಿಸಿದ್ದು. ಗ್ರಂಥಾಲಯದ ಪಿಟೀಲು ಸಂಜೆಗೆ ಏಳೇ ಜನ ಬಂದದ್ದು. ಹೆಂಗಸರ ರಾಕ್ ತಂಡದ ಹಾಡುಗಾರ್ತಿ ವೇದಿಕೆಯಿಂದ ಹಾರಿ ಹಲ್ಲು ಮುರಿದುಕೊಂಡದ್ದು.

"ನಮ್ಮ ಬಾಗಿಲಲ್ಲೂ ಒಂದು ಹೊಸದು ಬಂತು. ಯಜಮಾನರು..."

"ಬಾಗಿಲ ಸುದ್ದಿ ಯಾರು ಓದ್ತಾರೆ, ಬಿಡು. ಕಛೇರಿ ಸುದ್ದಿ ಹೇಳು."

ಆರ್ವಿಡ್ ಅಂಗೈಯಿಂದ ಕಣ್ಣೊರೆಸಿಕೊಂಡ. "ಹೊರಗೆ ಹೂವು ನೋಡಿದ್ಯಲ್ಲ? ಮೊದಲು ತಂದಿಟ್ಟವಳು ನಿನ್ನ ಹೆಂಡತಿ. ಹಿಮದಲ್ಲಿ ಮೊಣಕಾಲೂರಿ ಅತ್ತಳು ಪಾಪ. ಅವಳನ್ಯಾಕೆ ರಜಕ್ಕೆ ಕರ್ಕೊಂಡು ಹೋಗ್ಲಿಲ್ಲ?"

"ಅವಳಿಗೆ ಸಮುದ್ರ ಬೇಡ, ಡ್ರಮ್ ಸದ್ದು ಬೇಕು," ಎಂದ ಡೆಕ್ಲನ್, ಪೆನ್ನು ಎತ್ತದೆ. "ಊರು ಬಿಟ್ಟೋನಿಗೆ ಎಷ್ಟೆಲ್ಲ ತಪ್ಪಿಹೋಗುತ್ತೆ ನೋಡು."

ಮೂಲೆಯಿಂದ ಮ್ಯಾಕಿ ರಕ್ತ ಉಗುಳಿ ಎದ್ದ. ಆರ್ವಿಡ್ ಕಂಬಿಗೆ ಕೈ ಹಾಕಿದ. ಇನ್ನು ಮಾತಿಲ್ಲ ಎಂಬುದು ಮೂವರಿಗೂ ತಿಳಿಯಿತು.

"ಕೊಲ್ಲೋಕೆ ಮುಂಚೆ ಕೈ ನೋಡೋ, ದರಿದ್ರದವನೇ!" ಮ್ಯಾಕಿ ಕಿರುಚಿದ. "ಒಳಗೆ ಬಂದಿದ್ರೆ ನೀನೇ ಅಲ್ವಾ ಮುದ್ರೆ ಒತ್ತಿರೋದು?"

ಕಂಬಿ ಗಾಳಿಯಲ್ಲೇ ನಿಂತಿತು. ಸಿಟ್ಟಿನಲ್ಲಿ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ.

ಡೆಕ್ಲನ್ ಮ್ಯಾಕಿಯ ಕೈ ತಿರುಗಿಸಿ ನೋಡಿ ನಕ್ಕ. "ಏನೂ ಇಲ್ಲ. ಎರಡು ದಿನ ಆಯ್ತಲ್ಲ, ಉಜ್ಜಿ ತೊಳೆದಿದ್ದಾನೆ. ಮುಗಿಸು, ಆರ್ವಿಡ್."

"ಬಾಗಿಲ ಮೇಜಿನ ಮೇಲೆ ಇಡು ಅವನ ಕೈ," ಎಂದ ಆರ್ವಿಡ್. "ಅಲುಗಾಡದ ಹಾಗೆ ಹಿಡ್ಕೋ."

ಬೆರಳು ಮುರಿಯುವ ವಿಚಾರವಿರಬೇಕು ಎಂದುಕೊಂಡ ಡೆಕ್ಲನ್ ಉತ್ಸಾಹದಿಂದಲೇ ಮ್ಯಾಕಿಯನ್ನು ಎಳೆದು ತಂದ. ಮಣಿಕಟ್ಟನ್ನು ಮೇಜಿಗೆ ಅದುಮಿ, ಮೇಲೆ ತನ್ನ ಭಾರವನ್ನೆಲ್ಲ ಹೇರಿದ.

ಬ್ಯಾಂಕಿನವರು, ಶಾಲೆಯ ಮೇಷ್ಟ್ರುಗಳು ಸೋಮವಾರ ಕೈ ಮೇಲೆ ಕಪ್ಪು ಮುದ್ರೆ ಹೊತ್ತು ಕೆಲಸಕ್ಕೆ ಹೋಗಲು ನಾಚಿಕೆ ಎಂದು ದೂರಿದ್ದರು. ಅದಕ್ಕೇ ಯಜಮಾನರು ಹತ್ತು ದಿನದ ಹಿಂದೆ ಬರಿಗಣ್ಣಿಗೆ ಕಾಣದ ಶಾಯಿ ತರಿಸಿದ್ದರು. ಮೂರು ದಿನ ಸೋಪಿಗೂ ಜಗ್ಗದ ಶಾಯಿ. ಒಂದೊಂದು ಕಛೇರಿಗೆ ಒಂದೊಂದು ಚಿತ್ರ, ಶನಿವಾರದ್ದು ಗೂಬೆ. ಅದು ಕಾಣಬೇಕಾದರೆ ಮೇಜಿನ ಮೇಲಿನ ನೇರಳೆ ದೀಪ ಹೊತ್ತಿಸಬೇಕು. ಆರ್ವಿಡ್ ಎಡಗೈಯಿಂದ ಗುಂಡಿ ಒತ್ತಿದ, ಬಲಗೈಯಲ್ಲಿ ಕಂಬಿ ಹಾಗೇ ಇತ್ತು.

ಮ್ಯಾಕಿಯ ಕೈ ಖಾಲಿಯಿತ್ತು. ಅದನ್ನು ಅದುಮಿ ಹಿಡಿದಿದ್ದ ಬಿಸಿಲಿಗೆ ಬೆಂದ ಕೈಯ ಮೇಲೆ ಗೂಬೆ ಕಣ್ಣರಳಿಸಿ ಕೂತಿತ್ತು.