ಆಯುಧಪೂಜೆಯ ಕುಂಕುಮ

"ನಮ್ಮ ಆಪರೇಟಿಂಗ್ ಸಿಸ್ಟಮ್ಮು ನಮ್ಮ ಕಂಪ್ಯೂಟರಲ್ಲೇ ಓಡಬೇಕು. ಕಂಡವರ ಡಬ್ಬಕ್ಕೆ ಹಾಕಿದ್ರೆ ಮೂರೇ ದಿನಕ್ಕೆ ಕೈಕೊಡುತ್ತೆ. ಹೆಸರು ಕೆಡೋದು ನಮ್ಮದು!"

ಕಂಪನಿಯ ಯಜಮಾನರು ಮೇಜು ಗುದ್ದಿದರು. ಆ ಸಿಸ್ಟಮ್ಮನ್ನು ತನ್ನ ಕಂಪ್ಯೂಟರುಗಳಿಗೂ ಹಾಕಿಕೊಳ್ಳಲು ಅನುಮತಿ ಕೇಳಿ ಎದುರಾಳಿ ಕಂಪನಿ ಬರೆದಿದ್ದ ಪತ್ರ ಅವರ ಮುಷ್ಟಿಯಲ್ಲಿ ಮುದುಡಿತ್ತು. ಸಭೆಯಲ್ಲಿದ್ದ ಮುಖ್ಯ ಎಂಜಿನಿಯರ್ ವಾರಿಜಾ ಎದ್ದು ನಿಂತಳು.

"ಕೈಕೊಡಲ್ಲ ಸರ್. ಅವರ ಮೆಷಿನ್ನಿಗೆ ಹಾಕಿ ನೋಡಿದ್ದೀನಿ."

ಯಜಮಾನರ ಕಿವಿ ಕೆಂಪಾಯಿತು. ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ್ದನ್ನು ಇವಳು ಹೇಳದೆ ಕೇಳದೆ ಪರರ ಕೈಗೆ ಕೊಟ್ಟಳೇ?

"ಯಾರನ್ನ ಕೇಳಿ ಹಾಕ್ದೆ? ಎಲ್ಲಿದೆ ಅದು?"

"ಹೇಳ್ತೀನಿ ಸರ್. ನಿಮ್ಮ ಮೇಜಿನ ಮೇಲಿರೋ ಈ ಕಂಪ್ಯೂಟರ್ ಹೇಗೆ ಓಡ್ತಿದೆ?"

"ಇದಕ್ಕೇನಮ್ಮಾ ಧಾಡಿ! ರಿಪೇರಿ ಮುಗಿಸಿ, ಆಯುಧಪೂಜೆ ದಿನ ನೀನೇ ಗಂಧ ಬಳಿದು ತಂದಿಟ್ಟೆ. ಅದರ ಮೇಲೆ ನಾನೇ ಕೈಯಾರೆ ಕುಂಕುಮ ಇಟ್ಟೆ. ಐದು ತಿಂಗಳಾಯ್ತು, ಒಂದು ಸಲಾನೂ ನಿಂತಿಲ್ಲ. ಅದೇ ನೋಡು ನಮ್ಮ ಮೆಷಿನ್ನು ಅಂದ್ರೆ!"

"ಆ ಕುಂಕುಮ ಸ್ವಲ್ಪ ಒರೆಸಿ ಸರ್."

ಯಜಮಾನರು ಹೆಬ್ಬೆರಳಿನಿಂದ ಉಜ್ಜಿದರು. ಒಣಗಿದ ಗಂಧ ಹಕ್ಕಳೆಯಾಗಿ ಉದುರಿತು. ಅದರಡಿಯಲ್ಲಿ, ಅವರ ಮುಷ್ಟಿಯಲ್ಲಿದ್ದ ಪತ್ರದ ತಲೆಯ ಮೇಲಿನ ಲಾಂಛನವೇ ಫಳಫಳ ಹೊಳೆಯುತ್ತಿತ್ತು.